ಡಿಬೆಂಚರು ಮತ್ತು ಸುಮತಿ ಅಕ್ಕ

‘ಗೊತ್ತಿಲ್ಲ’ ಎನ್ನಲು ನನ್ನ ನಾಲಗೆ ಸುಲಭವಾಗಿ ಹೊರಳುವುದಿಲ್ಲ. ದಾರಿ ಕೇಳಿದವರಿಗೆ, ನಾನು ಕಾಲಿಡದ ಊರಿನ ದಾರಿಯನ್ನೂ ಕೈ ಬೀಸಿ ತೋರಿಸಿದವನು ನಾನು. ಅವರೆಲ್ಲ ಈಗ ಎಲ್ಲಿದ್ದಾರೋ! ಈ ರೋಗ ನನ್ನನ್ನು ಒಮ್ಮೆ ಬಂಟ್ವಾಳದವರೆಗೆ ಓಡಿಸಿತು.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಮೂಡುಬಿದಿರೆಯ ಸಣ್ಣದೊಂದು ಬ್ಯಾಂಕಿನಲ್ಲಿ ನಾನು ಗುಮಾಸ್ತ. ಬ್ಯಾಂಕಿನವರ ಪರೀಕ್ಷೆ ಮುಗಿಸಿದರೆ ಬಡ್ತಿ ಎಂದು ಮ್ಯಾನೇಜರರು ಆಸೆ ಹುಟ್ಟಿಸಿದ್ದರು. ಬಾಕಿ ಪತ್ರಿಕೆಗಳನ್ನು ಹೇಗೋ ದಾಟಿದೆ. ಷೇರು, ಡಿಬೆಂಚರುಗಳ ಪತ್ರಿಕೆಯಲ್ಲಿ ಮಾತ್ರ ಎರಡು ಸಲ ಬಿದ್ದೆ. ಡಿಬೆಂಚರು ಎಂಬ ಶಬ್ದ ಮೊದಲ ಸಲ ಕಿವಿಗೆ ಬಿದ್ದಾಗ ಅದು ಹಲ್ಲಿನ ಸೆಟ್ಟಿರಬೇಕು ಎಂದುಕೊಂಡಿದ್ದೆ. ಲ್ಯಾಟಿನ್ನಿನಲ್ಲಿ ಅದಕ್ಕೆ ‘ಕೊಡತಕ್ಕದ್ದು’ ಎಂದು ಅರ್ಥವಂತೆ. ಇಷ್ಟು ಆಗಲೇ ತಿಳಿದಿದ್ದರೆ ಈ ಪ್ರಬಂಧ ಹುಟ್ಟುತ್ತಿರಲಿಲ್ಲ.

ತಲೆಗೆ ಹತ್ತದ್ದನ್ನು ಬಾಯಿಗೆ ಹತ್ತಿಸುವುದು ನಮ್ಮ ಪರಂಪರೆ. ದಿನಾ ಬೆಳಿಗ್ಗೆ ಜಗಲಿಯಲ್ಲಿ ಶತಪಥ ಹಾಕುತ್ತ, ಬೊಂಬಾಯಿಯಿಂದ ತರಿಸಿದ ಪುಸ್ತಕದ ಇಂಗ್ಲಿಷನ್ನು ಗಟ್ಟಿಯಾಗಿ ಒದರುತ್ತಿದ್ದೆ. ನಾನು ಬಾಡಿಗೆಗಿದ್ದ ಮನೆಯ ಯಜಮಾನಿ ಸುಮತಿ ಅಕ್ಕ ಅಂಗಳ ಗುಡಿಸುತ್ತ ಅದನ್ನು ಭಕ್ತಿಯಿಂದ ಕೇಳುತ್ತಿದ್ದರು. ಜೈನರ ಪೈಕಿ, ಗಂಡ ತೀರಿಹೋಗಿದ್ದರು, ಮದುವೆಗೆ ಬಂದ ಒಬ್ಬಳು ಮಗಳು.

ಒಂದು ದಿನ ಅವರು ಪೊರಕೆ ಗೋಡೆಗೊರಗಿಸಿ ನನ್ನೆದುರು ಬಂದು ನಿಂತರು.

“ರಾಯರೇ, ಬಂಟ್ವಾಳದಲ್ಲಿ ಹೊಸ ಬಸ್ ಕಂಪೆನಿ ಆಗ್ತದಂತೆ. ಷೇರು ತಕ್ಕೊಳ್ಳಿ ಅಂತ ಅವರ ಏಜೆಂಟು ಹೇಳ್ತಾನೆ. ಡಿಬೆಂಚರು ಅಂತ ಇನ್ನೊಂದು ಉಂಟಂತೆ. ಮಗಳ ಮದುವೆಯ ಹಣ. ಬಸ್ಸು ಗುಂಡಿಗೆ ಬಿದ್ದರೆ ಮೊದಲು ಯಾರಿಗೆ ಹಣ ವಾಪಸು ಸಿಗ್ತದೆ?”

ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಬಹುದಿತ್ತು. ನಾನು ಕನ್ನಡಕ ಸರಿಮಾಡಿ ಎರಡು ವಾಕ್ಯ ಇಂಗ್ಲಿಷ್ ಹೇಳಿದೆ. ನಾವು ಆಡುತ್ತಿದ್ದ ತುಳುವಿನಲ್ಲಿ ಡಿಬೆಂಚರಿಗೆ ಶಬ್ದವಿಲ್ಲದ್ದು ನನಗೆ ಅನುಕೂಲವೇ ಆಯಿತು. ಕೊನೆಗೆ, “ಷೇರು ಅಂದರೆ ನೀವೇ ಯಜಮಾನರು, ಅಕ್ಕಾ. ಯಜಮಾನರಿಗೆ ಮೊದಲು. ಡಿಬೆಂಚರಿನವರಿಗೆ ಉಳಿದರೆ ಉಂಟು” ಎಂದು ತೀರ್ಪು ಕೊಟ್ಟೆ.

ಅವರು ತಲೆಯಾಡಿಸಿ ಹೋದರು. ಓದಿದ್ದು ಸಾರ್ಥಕವಾಯಿತೆಂದು ಆ ದಿನ ಎರಡು ದೋಸೆ ಹೆಚ್ಚು ತಿಂದೆ.

ಮರುದಿನ ಬೆಳಿಗ್ಗೆ ಪುಸ್ತಕ ತೆರೆದರೆ ಎಲ್ಲ ತಿರುವುಮುರುವು! ಡಿಬೆಂಚರು ಕಂಪೆನಿ ಮಾಡಿದ ಸಾಲ. ಮುಳುಗುವಾಗ ಮೊದಲು ಸಾಲ ಕೊಟ್ಟವರಿಗೆ. ಯಜಮಾನನದು ಕಟ್ಟಕಡೆಯ ಪಾಲು. ಒಳಗೆ ಓಡಿ ಸುಮತಿ ಅಕ್ಕ ಎಲ್ಲಿ ಎಂದು ಕೇಳಿದರೆ, ಮಗಳು, “ಅಮ್ಮ ಮೊದಲನೇ ಬಸ್ಸಿಗೆ ಬಂಟ್ವಾಳಕ್ಕೆ ಹೋದರು. ನೀವು ಹೇಳಿದ್ದೀರಲ್ಲ, ಷೇರು ತಕ್ಕೊಳ್ಳಲಿಕ್ಕೆ” ಎಂದಳು.

ಹೊಟ್ಟೆನೋವೆಂದು ಬ್ಯಾಂಕಿಗೆ ಚೀಟಿ ಕಳಿಸಿದೆ. ಮುಂದಿನ ಬಸ್ಸು ಹತ್ತಿದೆ. ಅದು ದಾರಿ ಮಧ್ಯೆ ಸಿದ್ದಕಟ್ಟೆಯಲ್ಲಿ ನಿಂತದ್ದು ನಿಂತೇ ಬಿಟ್ಟಿತು. ಡ್ರೈವರು ಚಹಾ ಕುಡಿದು, ಬೀಡಿ ಸೇದಿ, ಪರಿಚಯದವರ ದನ ಕರು ಹಾಕಿದ ಸುದ್ದಿಯನ್ನೂ ವಿಚಾರಿಸಿಕೊಂಡ. “ಸ್ವಲ್ಪ ಬೇಗ ಹೋಗುವ ಮಾರಾಯ” ಎಂದು ನಾನು ಅಂಗಲಾಚಿದರೆ, “ಏನು, ಕೋರ್ಟು ಕೇಸಾ?” ಎಂದು ಕೇಳಿದ. ಹೆಚ್ಚುಕಡಿಮೆ ಹಾಗೆಯೇ ಇತ್ತು.

ಕಂಪೆನಿಯ ಕಚೇರಿಯಲ್ಲಿ ಹತ್ತಾರು ಜನ. ಸುಮತಿ ಅಕ್ಕ ಬೆಂಚಿನ ಮೇಲೆ ಕೂತಿದ್ದರು. ಅವರ ಮುಂದೆ ಕಾಗದ, ಹೆಬ್ಬೆಟ್ಟಿಗೆ ಮಸಿ ಹಚ್ಚುವ ಪ್ಯಾಡು. ನಾನು ಏದುಸಿರು ಬಿಡುತ್ತ ಎಲ್ಲರೆದುರೇ ಕೂಗಿದೆ: “ಅಕ್ಕಾ, ನಿಲ್ಲಿ! ನಿನ್ನೆ ನಾನು ಹೇಳಿದ್ದು ತಪ್ಪು. ನನಗೆ ಗೊತ್ತಿರಲಿಲ್ಲ!”

ಬದುಕಿನಲ್ಲಿ ಮೊದಲ ಬಾರಿ ಆ ಶಬ್ದ ಹೊರಬಂತು, ಅದೂ ತುಂಬಿದ ಸಭೆಯಲ್ಲಿ.

ಸುಮತಿ ಅಕ್ಕ ಶಾಂತವಾಗಿ, “ನನಗೆ ನಿನ್ನೆಯೇ ಸಂಶಯ ಬಂದಿತ್ತು ರಾಯರೇ. ಗೊತ್ತಿದ್ದವರು ಅಷ್ಟು ಇಂಗ್ಲಿಷ್ ಹೇಳುವುದಿಲ್ಲ. ಅದಕ್ಕೇ ಇಲ್ಲಿ ಇವರ ಹತ್ತಿರ ಕೇಳ್ತಾ ಇದ್ದೇನೆ. ಇವರಿಗೂ ಗೊತ್ತಿಲ್ಲ” ಎಂದು ಏಜೆಂಟನನ್ನು ತೋರಿಸಿದರು. ಆತ ಇಂಗ್ಲಿಷಿನಲ್ಲೇ ಬೆವರುತ್ತಿದ್ದ.

ಅಲ್ಲಿಯೇ ನಿಂತು ತುಳುವಿನಲ್ಲಿ ವಿವರಿಸಬೇಕಾಯಿತು. ಬಸ್ಸಿಗೆ ಸಾಲ ಕೊಟ್ಟವ ಯಾರು, ಬಸ್ಸಿನಲ್ಲಿ ಪಾಲು ಪಡೆದವ ಯಾರು, ಚಕ್ರ ಕಳಚಿದರೆ ಯಾರು ಯಾರ ಮುಖ ನೋಡಬೇಕು. ಸುಮತಿ ಅಕ್ಕ ಮತ್ತೆ ಮತ್ತೆ ಅಡ್ಡಪ್ರಶ್ನೆ ಹಾಕಿದರು. ಉತ್ತರಿಸುತ್ತ ಹೋದಂತೆ ನನಗೇ ಅರ್ಥವಾಗತೊಡಗಿತು. ಕೊನೆಗೆ ಅವರು, “ಹಾಗಾದರೆ ನನಗೆ ಡಿಬೆಂಚರು ಕೊಡಿ” ಎಂದರು. ಅದು ದೊಡ್ಡವರಿಗೆ ಮಾತ್ರ ಎಂದ ಏಜೆಂಟು. “ಹಾಗಾದರೆ ಯಜಮಾನಿಕೆಯನ್ನೂ ದೊಡ್ಡವರೇ ಇಟ್ಟುಕೊಳ್ಳಲಿ” ಎಂದು ಹಣದ ಗಂಟನ್ನು ಸೆರಗಿಗೆ ಕಟ್ಟಿಕೊಂಡು ಎದ್ದರು.

ಆ ಹಣ ನಮ್ಮ ಬ್ಯಾಂಕಿಗೇ ಬಂತು. ಹೊಟ್ಟೆನೋವಿನಲ್ಲೂ ಬಂಟ್ವಾಳಕ್ಕೆ ಹೋಗಿ ಡಿಪಾಸಿಟ್ಟು ಹಿಡಿದು ತಂದವನೆಂದು ಮ್ಯಾನೇಜರರು ನನ್ನನ್ನು ಹೊಗಳಿದರು. ನಾನು ತಿದ್ದಲಿಲ್ಲ, ಒಂದೇ ವಾರದಲ್ಲಿ ಎರಡು ಸಲ ಸತ್ಯ ಹೇಳುವ ಶಕ್ತಿ ನನಗಿರಲಿಲ್ಲ.

ಮೂರನೆಯ ಸಲ ಪಾಸಾದೆ. ಪೇಡೆ ತೆಗೆದುಕೊಂಡು ಹೋಗಿ ಸುಮತಿ ಅಕ್ಕನಿಗೆ ಕೊಟ್ಟೆ. ಅವರು ಒಂದು ಚೂರು ಬಾಯಿಗೆ ಹಾಕಿಕೊಂಡು ಕೇಳಿದರು: “ಹಾಗಾದರೆ ಇನ್ನು ನೀವು ಹೇಳಿದ್ದನ್ನು ನಂಬಬಹುದಾ?”

ಸ್ವಲ್ಪ ಯೋಚಿಸಿ ಹೇಳಿದೆ: “ಮರುದಿನ ಬೆಳಿಗ್ಗೆ ಇನ್ನೊಮ್ಮೆ ಕೇಳಿ, ಅಕ್ಕಾ. ಆಗಲೂ ಅದನ್ನೇ ಹೇಳಿದರೆ ನಂಬಬಹುದು.”