ಹಲ್ಲಿಗೆ ಕೆಲಸ

ಒಂದು ದಿನ ಮಧ್ಯಾಹ್ನ ಒಂದೂವರೆಗೆ ಪಕ್ಕದ ಮನೆಯ ಅಕ್ಕನಿಗೆ ಮುದ್ದೆಯ ತುತ್ತು ಎದೆಯಲ್ಲಿ ಸಿಕ್ಕಿಕೊಂಡಿತು. ಮಲಗಿದರೆ ಉಸಿರು ಕಟ್ಟುತ್ತದೆಂದು ಅವರು ವರ್ಷಗಟ್ಟಲೆ ಗೋಡೆಗೊರಗಿ ಕೂತೇ ನಿದ್ದೆ ಮಾಡಿದವರು. ಅದಕ್ಕೇ ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡಿದ್ದರು. ಎಲ್ಲವನ್ನೂ ಅಗಿದು ತಿನ್ನಿ ಎಂದಿದ್ದರು ಡಾಕ್ಟರು. ಆದರೆ ನಮ್ಮ ಹೊಸಕೋಟೆ ಕಡೆ ಮುದ್ದೆಯನ್ನು ಯಾರು ಅಗಿಯುತ್ತಾರೆ? ಅಕ್ಕ ಅಭ್ಯಾಸದಂತೆ ನುಂಗಿಬಿಟ್ಟಿದ್ದರು.

ಬೆವರಿಳಿಯುತ್ತಿದ್ದ ಆ ಮುಖ, ನನ್ನ ಮುಂಗೈಯನ್ನು ಬಿಗಿಹಿಡಿದ ಬೆರಳು ಈಗಲೂ ಕಣ್ಣಿಗೆ ಕಟ್ಟುತ್ತವೆ. ಆಸ್ಪತ್ರೆಗೆ ಹೊರಟ ಆಟೊದಲ್ಲೇ ವಾಂತಿಯಾಗಿ ತುತ್ತು ಹೊರಬಂತು. ಡಾಕ್ಟರು ಪರೀಕ್ಷಿಸಿ, ಒಳಗಿನ ಹೊಲಿಗೆಗೆ ಏನೂ ಆಗಿಲ್ಲ ಎಂದರು.

"ಮುದ್ದೆ ಸಾವಾಸಾನೇ ಬ್ಯಾಡ ಕಣಮ್ಮಿ," ಎಂದರು ಅಕ್ಕನ ಅತ್ತೆ.

"ಬಿಡೋದ್ಯಾಕತ್ತೆ? ಹಲ್ಲಿಗೆ ಕೆಲ್ಸ ಕೊಟ್ರಾಯ್ತು," ಎಂದರು ಅಕ್ಕ.

ಡಾಕ್ಟರು ಒಪ್ಪಿದ ಮೇಲೆ ಅಕ್ಕ ನೆಲ್ಲಿಕಾಯಿ ಗಾತ್ರದ ಮುದ್ದೆಯನ್ನು ಬೀದಿಬಾಗಿಲಲ್ಲೇ ಕೂತು ಅಗಿದರು. "ಥೂ, ಇದ್ರಲ್ಲಿ ಗೋಡೆಗೆ ಪೋಸ್ಟರ್ ಅಂಟಿಸ್ಬೋದು!" ಎಂದು ನಕ್ಕರು. ಆಪರೇಷನ್ನಿಗೆ ಹೆದರಿ ವಿಚಾರಿಸಲು ಬಂದವರಿಗೆಲ್ಲ ಈ ಕತೆ ಹೇಳಿ, "ಹೆದರ್ಬೇಡಿ, ಹಲ್ಲಿಗೆ ಕೆಲ್ಸ ಕೊಡಿ," ಎನ್ನುತ್ತಿದ್ದರು.

ಯುಗಾದಿಯ ಮಾರನೆಯ ಬೆಳಿಗ್ಗೆ ನಾನು ಸ್ಕೂಟರ್ ಸ್ಟಾರ್ಟ್ ಮಾಡಲು ಹೋದಾಗ ಅತ್ತೆ ಓಡಿಬಂದು ಕೈ ಹಿಡಿದರು.

"ತಳ್ಕೊಂಡೋಗಮ್ಮ, ಸದ್ದಿಗೆ ಎಚ್ರಾದಾತು. ಸೊಸೆ ರಾತ್ರಿಯಿಂದ ಅಂಗಾತ ಮಲಗವ್ಳೆ, ಒಂದ್ಸಲಾನೂ ಎದ್ದಿಲ್ಲ."