ಉಪ್ಪಿನ ಗೋದಾಮಿನ ಕಾವಲುಗಾರ

ವಿಜಯಲಕ್ಷ್ಮೀಗೆ ಐವತ್ತೊಂದು ತುಂಬಿದ ವರ್ಷವೇ ವಿಜಯವಾಡಕ್ಕೆ ವರ್ಗವಾಯಿತು. ಅಲ್ಲಿಯವರೆಗೆ ಅವಳ ಬ್ಯಾಂಕ್ ನೌಕರಿ ಪೂರ್ತಿ ವಿಶಾಖಪಟ್ಟಣದಲ್ಲೇ ಕಳೆದಿತ್ತು. ಗಂಡ ಇಂದುಧರ ನೌಕಾಪಡೆಯಲ್ಲಿದ್ದವನು. ನಿವೃತ್ತನಾದ ಮೇಲೆ ಬಂದರಿನಲ್ಲಿ ಸರಕು ಸಾಗಿಸುವ ಕಂಪನಿಯೊಂದಕ್ಕೆ ಸೇರಿದ್ದ. ಇಬ್ಬರೂ ಗದಗ ಕಡೆಯವರು. ಒಬ್ಬಳೇ ಮಗಳು ಗಗನಾ ಮಾತ್ರ ವಿಶಾಖಪಟ್ಟಣ ಅಂದರೆ ವೈಜಾಗಿನಲ್ಲೇ ಹುಟ್ಟಿ ಬೆಳೆದವಳು, ಗೆಳತಿಯರೊಂದಿಗೆ ತೆಲುಗು, ಮನೆಯಲ್ಲಿ ಅಷ್ಟಿಷ್ಟು ಕನ್ನಡ. ಅಲ್ಲಿಯ ಕಾಲೇಜಿನಲ್ಲಿ ಡಿಸೈನ್ ಓದುತ್ತಿದ್ದಳು, ಕೊನೆಯ ವರ್ಷ.

ವೈಜಾಗಿನ ಹೊರವಲಯದ ದುವ್ವಾಡದ ಮನೆಯಲ್ಲಿ ಅಪ್ಪ ಮಗಳನ್ನು ಬಿಟ್ಟು ವಿಜಯಲಕ್ಷ್ಮೀ ವಿಜಯವಾಡದ ಸತ್ಯನಾರಾಯಣಪುರದಲ್ಲಿ ಒಂದು ಮಹಡಿ ಮನೆ ಹಿಡಿದಳು. ಎರಡನೇ, ನಾಲ್ಕನೇ ಶನಿವಾರ ರಜೆ ಇದ್ದಾಗ ಬೆಳಗಿನ ರೈಲು ಹತ್ತಿ ಮನೆಗೆ ಹೋಗುವುದು, ಭಾನುವಾರ ಮಧ್ಯಾಹ್ನ ತಿರುಗಿ ಹೊರಡುವುದು. ಉಳಿದ ದಿನಗಳಲ್ಲಿ ಸಂಜೆ ಆರೂವರೆಗೆ ಬೀಗ ತೆಗೆದು ಒಳಗೆ ಬಂದರೆ ಮಾತಾಡಲು ಯಾರೂ ಇಲ್ಲ. ಅದನ್ನು ನೋಡಿ ಗಗನಾ ತನ್ನ ಹಳೆಯ ಗೇಮ್ ಕನ್ಸೋಲನ್ನು ಒಂದು ಚೀಲದಲ್ಲಿ ಹಾಕಿ ಕೊಟ್ಟಳು.

"ಸೀರಿಯಲ್ ನೋಡಿ ತಲಿ ಕೆಡಿಸ್ಕೋಬ್ಯಾಡ ಅವ್ವಾ. ಇದನ್ನ ಆಡು. ನನಗಂತೂ ಈ ಗೇಮ್ ಮುಗಸಾಕ ಆಗ್ಲಿಲ್ಲ, ಭಾಳ ನಿಧಾನ ಅದ."

ಅದು ಬಚ್ಚಿಟ್ಟುಕೊಂಡು ಆಡುವ ಆಟ. ಶತ್ರುಸೈನ್ಯ ಹಿಡಿದುಕೊಂಡ ಒಂದು ಬಂದರು ಪಟ್ಟಣ. ಅದರೊಳಗೆ ನುಸುಳುವ ಗೂಢಚಾರ ಹೆಂಗಸು. ಅವಳ ಬಳಿ ಬಂದೂಕಿಗಿಂತ ಹೆಚ್ಚು ಬೇಕಾಗುವುದು ಒಂದು ಸಣ್ಣ ಕ್ಯಾಮೆರಾ. ನಕ್ಷೆ, ಕಾಗದ, ಅಧಿಕಾರಿಗಳ ಮುಖ ಎಲ್ಲವನ್ನೂ ಫೋಟೊ ತೆಗೆದು ತರಬೇಕು. ಕಾವಲುಗಾರರ ಕಣ್ಣಿಗೆ ಬಿದ್ದರೆ ಮತ್ತೆ ಮೊದಲಿನಿಂದ. ತೊಂದರೆ ಎಂದರೆ, ಕ್ಯಾಮೆರಾವನ್ನು ಕಣ್ಣಿಗೆ ಹಿಡಿದಾಗ ಆಟ ನಿಲ್ಲುವುದಿಲ್ಲ. ಪರದೆಯ ತುಂಬ ಕ್ಯಾಮೆರಾದ ಚೌಕವೊಂದೇ ಕಾಣುತ್ತದೆ, ಬೆನ್ನ ಹಿಂದೆ ಯಾರು ಬಂದರೂ ತಿಳಿಯುವುದಿಲ್ಲ.

ಮೊದಲ ಹದಿನೈದು ದಿನ ವಿಜಯಲಕ್ಷ್ಮೀ ಗೇಟು ದಾಟುವ ಮೊದಲೇ ಸಿಕ್ಕಿಬೀಳುತ್ತಿದ್ದಳು. ಹೆಬ್ಬೆರಳುಗಳು ಮಾತು ಕೇಳುತ್ತಿರಲಿಲ್ಲ. ಆದರೆ ಬ್ಯಾಂಕಿನಲ್ಲಿ ಅವಳ ಕೆಲಸವೇ ಹೊಸ ಖಾತೆಯ ಅರ್ಜಿಯಲ್ಲಿನ ಫೋಟೊವನ್ನೂ ಎದುರಿಗೆ ಕುಳಿತವರ ಮುಖವನ್ನೂ ತಾಳೆ ನೋಡುವುದು. ಮುಖ ನೋಡುವುದರಲ್ಲಿ ಅವಳಿಗೆ ದಣಿವೆಂಬುದಿಲ್ಲ. ಒಂದು ಸಂಜೆ ಅಧಿಕಾರಿಯ ಫೋಟೊ ತೆಗೆಯಲೆಂದು ಕ್ಯಾಮೆರಾ ಎತ್ತಿದವಳು, ಅವನ ಪಕ್ಕದಲ್ಲಿ ನಿಂತ ಸಾಮಾನ್ಯ ಸಿಪಾಯಿ ಆಕಳಿಕೆ ತಡೆದುಕೊಳ್ಳುತ್ತಿರುವುದನ್ನು ಕಂಡಳು. ಅಧಿಕಾರಿಯನ್ನು ಬಿಟ್ಟು ಸಿಪಾಯಿಯ ಫೋಟೊ ತೆಗೆದಳು. ಆಟದಲ್ಲಿ ಅದಕ್ಕೆ ಒಂದು ಅಂಕವೂ ಬರಲಿಲ್ಲ. ಅವಳಿಗೆ ಮಾತ್ರ ಅಂದು ಅನ್ನ ರುಚಿಸಿತು.

ಅಲ್ಲಿಂದ ಅವಳು ಆಟವನ್ನು ಮುಂದಕ್ಕೆ ಒಯ್ಯುವುದನ್ನೇ ಬಿಟ್ಟಳು. ಒಂದು ಗೋಡೆಯ ಹಿಂದೆ ಸೇರಿಕೊಂಡು ಕಾಯುವಳು. ಗೋಡೆಗೆ ಒರಗಿ ತನ್ನಷ್ಟಕ್ಕೆ ಬೈದುಕೊಳ್ಳುವ ಒಬ್ಬ, ಮೆಟ್ಟಿಲ ಮೇಲೆ ಕುಳಿತು ಬೆಕ್ಕಿಗೆ ಬ್ರೆಡ್ಡು ಮುರಿದು ಹಾಕುವ ಇನ್ನೊಬ್ಬ. ಎಲ್ಲಕ್ಕಿಂತ ಕಷ್ಟಪಟ್ಟದ್ದು ಉಪ್ಪಿನ ಗೋದಾಮಿನ ಕಾವಲುಗಾರನಿಗಾಗಿ. ಸ್ಥೂಲ ಮೈಯ, ವಯಸ್ಸಾದ ಮನುಷ್ಯ. ಆಡುವವರೆಲ್ಲ ಅವನನ್ನು ಹಿಂದಿನಿಂದ ಹೊಡೆದು ಕೆಡವಿ ಒಳಗೆ ಹೋಗಿಬಿಡುತ್ತಾರೆ. ವಿಜಯಲಕ್ಷ್ಮೀ ಛಾವಣಿಯ ತೊಲೆಯ ಮೇಲೆ ಅಂಟಿಕೊಂಡು, ಬೆರಳು ಅಲುಗಿಸದೆ ನಲವತ್ತು ನಿಮಿಷ ಕಾದಳು. ಮೊದಲ ಸಂಜೆ ಹೆಬ್ಬೆರಳು ಜಾರಿತು, ಅವನು ತಲೆಯೆತ್ತಿ ನೋಡಿಬಿಟ್ಟ. ಎರಡನೆಯ ಸಂಜೆ ಕರೆಂಟು ಹೋಯಿತು. ಮೂರನೆಯ ಸಂಜೆ ಒಲೆಯ ಮೇಲೆ ಕುಕ್ಕರ್ ನಾಲ್ಕು, ಐದು, ಆರು ಸೀಟಿ ಹೊಡೆದರೂ ಏಳಲಿಲ್ಲ. ಆಗ ಅವನು ಆಚೀಚೆ ನೋಡಿ, ಉಪ್ಪಿನ ಮೂಟೆಯ ಮೇಲೆ ಕುಳಿತು, ಒಂದು ಬೂಟು ಬಿಚ್ಚಿ, ಅಂಗಾಲನ್ನು ಎರಡೂ ಕೈಯಿಂದ ತಿಕ್ಕಿಕೊಂಡ. ಕಣ್ಣುಗಳು ಅರೆ ಮುಚ್ಚಿದ್ದವು. ವಿಜಯಲಕ್ಷ್ಮೀ ಗುಂಡಿ ಒತ್ತಿದಳು. ಬೇಳೆ ಸೀದುಹೋಗಿತ್ತು.

ಎಂಟೂವರೆಗೆ ಗಗನಾಳ ಫೋನು ಬರುತ್ತಿತ್ತು. ಮೊದಲೆಲ್ಲ ಊಟ ಆಯಿತೇ, ಅಪ್ಪ ಬಂದರೇ ಎಂಬಲ್ಲಿಗೆ ಮುಗಿಯುತ್ತಿದ್ದ ಮಾತು ಈಗ ಅರ್ಧ ಗಂಟೆಗೆ ಬೆಳೆಯಿತು. ಕಾವಲುಗಾರನ ಕಥೆ ಹೇಳಿದ ದಿನ ವಿಜಯಲಕ್ಷ್ಮೀಗೆ ನಗು ತಡೆಯಲಾಗಲಿಲ್ಲ.

"ಯಾರೂ ನೋಡವಲ್ರು ಅಂತ ಖಾತ್ರಿ ಆದಾಗ ಅಂವ ಸಿಪಾಯಿನೂ ಅಲ್ಲ, ಶತ್ರುನೂ ಅಲ್ಲ ಗಗನಾ. ಕಾಲು ನೊಂದ ಮನಷ್ಯಾ ಅಷ್ಟ."

"ಆಮ್ಯಾಲೆ?" ಎಂದಳು ಗಗನಾ. "ಎಷ್ಟೊತ್ತು ಕಾದಿ? ಏನ್ ಅನ್ನಿಸ್ತು ಅವಾಗ?"

ಮಗಳು ಹೀಗೆ ಕೇಳಿ ಎಷ್ಟು ವರ್ಷಗಳಾಗಿದ್ದವೋ! ಕಾಲೇಜು ಸೇರಿದ ಮೇಲೆ ಅವಳಿಗೆ ತಾಯಿಯ ಮಾತೆಂದರೆ ತಟ್ಟೆ ತೊಳೆಯುವ ಸದ್ದಿನ ಹಾಗೆ, ಇದ್ದೂ ಇಲ್ಲದಂಥದು. ಈಗ ಆಟದ ನೆಪದಲ್ಲಿ ಅವಳು ತಿರುಗಿ ಸಿಕ್ಕಿದಳೆಂದು ವಿಜಯಲಕ್ಷ್ಮೀ ಹಿಗ್ಗಿದಳು. ಕನ್ಸೋಲು ಗಗನಾಳ ಹೆಸರಿನ ಅಕೌಂಟಿನಲ್ಲೇ ನಡೆಯುತ್ತಿದ್ದುದರಿಂದ ತೆಗೆದ ಚಿತ್ರಗಳೆಲ್ಲ ತಾವಾಗಿಯೇ ಅವಳ ಫೋನಿಗೂ ಹೋಗುತ್ತಿದ್ದವು. ಅದೂ ಒಂದು ಸಂತೋಷವೇ. ತಾನು ಕಂಡದ್ದನ್ನು ಮಗಳೂ ಕಾಣುತ್ತಾಳಲ್ಲ.

ಫೆಬ್ರವರಿಯ ನಾಲ್ಕನೇ ಶನಿವಾರಕ್ಕೆ ಮುಂಚೆ ಗಗನಾ, "ಈ ಸಲ ಬರಬ್ಯಾಡ ಅವ್ವಾ, ಪ್ರಾಜೆಕ್ಟ್ ಅದ, ನಾ ಮನ್ಯಾಗ ಇರೂದಿಲ್ಲ" ಎಂದಳು. ಆಗಲಿ ಎಂದಿದ್ದಳು ವಿಜಯಲಕ್ಷ್ಮೀ. ಶುಕ್ರವಾರ ಬ್ಯಾಂಕಿನಲ್ಲಿದ್ದಾಗ ಇಂದುಧರ ಫೋನು ಮಾಡಿದ. ದನಿಯಲ್ಲಿ ಉತ್ಸಾಹ ತುಳುಕುತ್ತಿತ್ತು.

"ಹುಡುಗಿ ತಗದ ಫೋಟೊ ಗೋಡಿಗೆ ಹಾಕ್ಯಾರಂತ, ದ್ವಾರಕಾ ನಗರದಾಗ. ಕಾಲೇಜಿನವ್ರದು ಏನೋ ಪ್ರದರ್ಶನ. ನಿನಗ ಹೇಳಬ್ಯಾಡ ಅಂದಾಳ. ಹೇಳದನ ಬಂದು ನಿಂತ್ರ ಎಷ್ಟು ಖುಷಿ ಪಡ್ತಾಳ ನೋಡು. ನಾಳೆ ದುವ್ವಾಡದಾಗ ಇಳೀಬ್ಯಾಡ, ಸೀದಾ ವೈಜಾಗಿಗೆ ಬಾ, ಸ್ಟೇಷನ್‌ನ್ಯಾಗ ನಾ ಇರ್ತೀನಿ."

ಮಗಳು ಯಾವಾಗ ಕ್ಯಾಮೆರಾ ಹಿಡಿದಳು ಎಂದು ಆಶ್ಚರ್ಯಪಡುತ್ತಲೇ ವಿಜಯಲಕ್ಷ್ಮೀ ಹೊಸ ಸೀರೆ ಉಟ್ಟು ರೈಲು ಹತ್ತಿದಳು. ಮಧ್ಯಾಹ್ನ ಸ್ಟೇಷನ್ನಿನಿಂದ ಇಬ್ಬರೂ ಬೈಕಿನಲ್ಲಿ ಹೋದರು. ಬಟ್ಟೆ ಅಂಗಡಿಯೊಂದರ ಮೇಲಿನ ಮಹಡಿಯ ಹಾಲ್. ಬಾಗಿಲಲ್ಲಿ ಚಪ್ಪಲಿ ಬಿಡಬೇಕೋ ಬೇಡವೋ ಎಂದು ನೋಡುತ್ತ ತಲೆಯೆತ್ತಿದರೆ, ಎದುರಿನ ಗೋಡೆಯ ನಡುಮಧ್ಯೆ, ಬಾಗಿಲಿನಷ್ಟು ದೊಡ್ಡದಾಗಿ, ಉಪ್ಪಿನ ಮೂಟೆಯ ಮೇಲೆ ಕುಳಿತ ಕಾವಲುಗಾರ.

ಎಡಕ್ಕೆ ಬೆಕ್ಕಿಗೆ ಬ್ರೆಡ್ಡು ಹಾಕುವವನು. ಬಲಕ್ಕೆ ಆಕಳಿಕೆ ತಡೆಯುವವನು. ಒಟ್ಟು ಹನ್ನೆರಡು ಚಿತ್ರ. ಹನ್ನೆರಡೂ ಅವಳು ತೆಗೆದವು. ಪ್ರತಿಯೊಂದರ ಕೆಳಗೂ ಗಗನಾಳ ಹೆಸರು.

ಮೊದಲು ಅವಳಿಗೆ ಸಿಟ್ಟು ಬರಲಿಲ್ಲ. ಅಚ್ಚಿನಲ್ಲಿ ಏನೋ ತಪ್ಪಾಗಿರಬೇಕು, ಪಾಪ, ಹುಡುಗಿಗೆ ಹೇಳಬೇಕು ಎಂದುಕೊಂಡಳು. ಆಮೇಲೆ ಕಾವಲುಗಾರನ ಕೆಳಗಿದ್ದ ಇಂಗ್ಲಿಷ್ ಬರಹ ಓದಿದಳು. ಯಾರೂ ನೋಡುತ್ತಿಲ್ಲವೆಂದು ಖಾತ್ರಿಯಾದಾಗ ಇವನು ಸಿಪಾಯಿಯೂ ಅಲ್ಲ, ಶತ್ರುವೂ ಅಲ್ಲ, ಕಾಲು ನೊಂದ ಮನುಷ್ಯ ಎಂದಿತ್ತು. ಕೈಯಲ್ಲಿದ್ದ ಚೀಲ ಭಾರವಾಯಿತು. ಗೋಡೆಗೆ ಆನಿಸಿ ಕೆಳಗಿಟ್ಟಳು.

ಚಿತ್ರದ ಮುಂದೆ ಗಗನಾ ನಿಂತಿದ್ದಳು. ಅವಳ ಎದುರಿಗೆ ದುರ್ಗಾಪ್ರಸಾದ್ ಎಂಬ ಹಿರಿಯರು, ಪತ್ರಿಕೆಯಲ್ಲಿ ಫೋಟೊಗ್ರಾಫರ್ ಆಗಿದ್ದವರು, ಗೇಮುಗಳೊಳಗೆ ತೆಗೆದ ಚಿತ್ರಗಳ ಈ ಸ್ಪರ್ಧೆಗೆ ತೀರ್ಪು ಕೊಡಲು ಬಂದಿದ್ದರು. ಗಗನಾ ಚುರುಕಾದ ತೆಲುಗಿನಲ್ಲಿ ಹೇಳುತ್ತಿದ್ದಳು: ಮೂರು ಸಂಜೆ ಕಾದೆ ಸರ್, ಒಂದು ದಿನ ಕರೆಂಟು ಹೋಯಿತು, ಕೊನೆಯ ದಿನ ಕುಕ್ಕರಿನಲ್ಲಿ ಬೇಳೆ ಸೀದುಹೋಯಿತು. ಸುತ್ತ ನಿಂತವರು ನಕ್ಕರು. ದುರ್ಗಾಪ್ರಸಾದರೂ ನಕ್ಕರು.

ಆಗ ಅವಳ ಕಣ್ಣು ತಾಯಿಯ ಮೇಲೆ ಬಿತ್ತು. ಮುಖದ ಬಣ್ಣ ಹಾರಿತು. ಆದರೆ ಒಂದೇ ಕ್ಷಣ.

"ಮಾ ಅಮ್ಮ, ಸರ್," ಎಂದಳು. "ಬ್ಯಾಂಕ್‌ಲೋ ಪನಿ ಚೇಸ್ತಾರು. ಗೇಮ್ಸ್ ಗುರಿಂಚಿ ಏಮೀ ತೆಲೀದು."

ನಮ್ಮಮ್ಮ, ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾರೆ, ಆಟಗಳ ಬಗ್ಗೆ ಏನೂ ಗೊತ್ತಿಲ್ಲ. ಇಪ್ಪತ್ತೈದು ವರ್ಷದಿಂದ ತೆಲುಗಿನಲ್ಲೇ ಗ್ರಾಹಕರೊಂದಿಗೆ ಮಾತಾಡಿದವಳಿಗೆ ಆ ಮಾತು ಅರ್ಥವಾಗದೆ ಇರುತ್ತದೆಯೇ? ದುರ್ಗಾಪ್ರಸಾದ್ ಕೈ ಮುಗಿದು, "ನಮಸ್ಕಾರಮಮ್ಮಾ" ಎಂದರು. ಅವಳೂ ಕೈ ಮುಗಿದಳು. ಅವರು ಮತ್ತೆ ಚಿತ್ರದತ್ತ ತಿರುಗಿ, ಇದು ಇಷ್ಟು ಎತ್ತರದಿಂದ ಕಾಣುತ್ತಿದೆಯಲ್ಲ, ನೀನು ಎಲ್ಲಿ ನಿಂತು ತೆಗೆದೆ ಎಂದು ಕೇಳಿದರು.

ಗಗನಾ ಆಟದಲ್ಲಿ ಆ ಗೋದಾಮಿನವರೆಗೆ ಎಂದೂ ಬಂದವಳಲ್ಲ. ತೊಲೆಯ ವಿಷಯ ತಾಯಿ ಹೇಳಿದ್ದಳು; ಅವಳು ಮರೆತಿದ್ದಳು. ತಾಯಿಯ ಕಡೆ ನೋಡಿದಳು. ವಿಜಯಲಕ್ಷ್ಮೀಗೆ 'ತೊಲೆಯ ಮೇಲಿಂದ' ಎಂಬ ಎರಡೇ ಶಬ್ದ ಸಾಕಿತ್ತು. ಆ ಎರಡು ಶಬ್ದದಿಂದ ಮಗಳನ್ನು ಕೆಡವಲೂಬಹುದಿತ್ತು, ಕಾಪಾಡಲೂಬಹುದಿತ್ತು. ಅವಳು ಕೆಳಗಿಟ್ಟ ಚೀಲವನ್ನು ಎತ್ತಿಕೊಂಡಳು.

"ಎದುರಿನ ಕಿಟಕಿಯಿಂದ, ಸರ್" ಎಂದಳು ಗಗನಾ.

ಆ ಗೋದಾಮಿಗೆ ಕಿಟಕಿಯೇ ಇಲ್ಲ. ದುರ್ಗಾಪ್ರಸಾದ್ ಮೆಚ್ಚುಗೆಯಿಂದ ತಲೆದೂಗಿದರು. ಸಂಜೆ ಅವಳಿಗೇ ಮೊದಲ ಬಹುಮಾನ ಬಂತು.

ಮೆಟ್ಟಿಲಿಳಿಯುವಾಗ ವಿಜಯಲಕ್ಷ್ಮೀ ನಿಂತಳು.

"ಯಾಕ ಹಿಂಗ ಮಾಡ್ದಿ?"

"ಇಲ್ಲಿ ಬ್ಯಾಡ ಅವ್ವಾ, ಪ್ಲೀಸ್."

"ನಾ ತಗದದ್ದು ಅವು."

"ಅಕೌಂಟ್ ನಂದು, ಕನ್ಸೋಲ್ ನಂದು. ನೀ ಟೈಮ್‌ಪಾಸಿಗೆ ಆಡಿದಿ. ನಿನ್ನ ಹೆಸರು ಹಾಕಿದ್ರ ಯಾರು ನಂಬ್ತಾರ ಹೇಳು? ನಕ್ಕು ಬಿಡ್ತಾರ. ನನಗಾದ್ರ ಇದರಿಂದ ಗೇಮ್ ಸ್ಟುಡಿಯೋದಾಗ ಇಂಟರ್ನ್‌ಷಿಪ್ ಸಿಗ್ತದ."

"ನನಗ ಒಂದು ಮಾತು ಕೇಳಬಹುದಿತ್ತಲ್ಲ."

"ಕೇಳಿದ್ರ ನೀ ಇಲ್ಲ ಅಂತಿದ್ದೇನು? ಕೊಡ್ತಿದ್ದಿ."

"ಕೊಡ್ತಿದ್ದೆ."

"ಮತ್ತ? ಅಂದ ಮ್ಯಾಲೆ ಏನಾತು ಈಗ?"

ಏನಾಯಿತೆಂದು ಹೇಗೆ ಹೇಳುವುದು? ಚಿತ್ರ ಹೋದದ್ದು ಅವಳನ್ನು ಅಷ್ಟು ನೋಯಿಸಿರಲಿಲ್ಲ. ಒಳಗೆ ಕೊರೆಯುತ್ತಿದ್ದುದು ಬೇರೆ. ಅದನ್ನು ಕೇಳಲು ಅವಳಿಗೆ ಹೆದರಿಕೆಯಾಯಿತು, ಆದರೂ ಕೇಳಿದಳು.

"ದಿನಾ ಫೋನಿನ್ಯಾಗ ಆಮ್ಯಾಲೆ, ಆಮ್ಯಾಲೆ ಅಂತಿದ್ದಿ. ಇದಕ್ಕ ಕೇಳ್ತಿದ್ದೇನು ಗಗನಾ? ಬರಕೊಳ್ಳಾಕ?"

ಗಗನಾ ಉಗುರಿನಿಂದ ಗೋಡೆಯ ಸುಣ್ಣ ಕೆರೆದಳು.

"ಮೊದಮೊದಲ ಅಲ್ಲ," ಎಂದಳು.

ಬೈಕು ತರಲು ಹೋಗಿದ್ದ ಇಂದುಧರನಿಗೆ ವಿಷಯ ತಿಳಿದದ್ದು ಮನೆಗೆ ಬಂದ ಮೇಲೆ. ಅವನು ಮಗಳನ್ನು ಒಂದೆರಡು ಮಾತು ಗದರಿದ. ಆಮೇಲೆ ಅಡುಗೆಮನೆಗೆ ಬಂದು ಹೆಂಡತಿಯ ಪಕ್ಕ ನಿಂತ.

"ತಪ್ಪು ಮಾಡ್ಯಾಳ, ಖರೆ. ಆದ್ರ ನಮ್ಮ ಹುಡುಗೀನ ಅಲ್ಲೇನ ವಿಜೂ? ಕಾಲೇಜಿನವ್ರಿಗೆ ಗೊತ್ತಾದ್ರ ಆಕಿ ವರ್ಷಾನ ಹಾಳಾಗ್ತದ. ನುಂಗ್ಕೊಂಡು ಬಿಡು."

"ಹೇಳೂದಿಲ್ಲ ಬಿಡ್ರಿ ಯಾರಿಗೂ," ಎಂದಳು ವಿಜಯಲಕ್ಷ್ಮೀ. ತನಗೆ ಏನಾಗುತ್ತಿದೆ ಎಂದು ಅವನು ಒಂದು ಸಲವಾದರೂ ಕೇಳಬಹುದೆಂದು ಈಳಿಗೆಯ ಮುಂದೆ ಕುಳಿತೇ ಇದ್ದಳು. ಅವನು ಟಿವಿಯ ಕಡೆ ಹೋದ.

ಭಾನುವಾರ ವಿಜಯವಾಡಕ್ಕೆ ಬಂದವಳು ಮೂರು ದಿನ ಕನ್ಸೋಲನ್ನು ಮುಟ್ಟಲಿಲ್ಲ. ನಾಲ್ಕನೆಯ ಸಂಜೆ ಹಾಕಿದಳು. ಕ್ಯಾಮೆರಾ ಎತ್ತಿದಳು. ಬಾಗಿಲ ಬಳಿ ಒಬ್ಬ ಸಿಪಾಯಿ ಮೂಗು ಒರೆಸಿಕೊಳ್ಳುತ್ತಿದ್ದ, ಚೆಂದದ ಚಿತ್ರವೇ. ಆದರೆ ಗುಂಡಿ ಒತ್ತಿದೊಡನೆ ಇದು ಎಲ್ಲಿಗೆ ಹೋಗಿ ಸೇರುತ್ತದೆ ಎಂಬುದು ನೆನಪಾಗಿ, ಒತ್ತದೆ ಕ್ಯಾಮೆರಾ ಇಳಿಸಿದಳು. ಮರುದಿನ ಕನ್ಸೋಲನ್ನು ಹಳೆಯ ಟವೆಲಿನಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಗೆ ಹಾಕಿ, ಬಸ್ ಸ್ಟ್ಯಾಂಡಿನ ಪಾರ್ಸೆಲ್ ಕೌಂಟರಿನಲ್ಲಿ ಮಗಳ ಹೆಸರಿಗೆ ಕಳಿಸಿಬಿಟ್ಟಳು.

ಏಪ್ರಿಲ್ಲಿನಲ್ಲಿ ಗಗನಾ ಫೋನು ಮಾಡಿದಳು. ಸ್ಟುಡಿಯೋದವರು ಇನ್ನೂ ಹತ್ತು ಚಿತ್ರ ಕೇಳಿದ್ದಾರೆ, ತನಗೆ ಒಂದೂ ಬರುತ್ತಿಲ್ಲ, ಮೆಟ್ಟಿಲಿನವನು ಬೆಕ್ಕಿನ ಹತ್ತಿರ ಬರುವುದೇ ಇಲ್ಲ ಎಂದು ಅಳುದನಿಯಲ್ಲಿ ಹೇಳಿದಳು. ಗೊತ್ತಿಲ್ಲ ಎನ್ನಬೇಕೆಂದು ವಿಜಯಲಕ್ಷ್ಮೀಗೆ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹೇಳಿದಳು. ಪೀಪಾಯಿಯ ಹಿಂದೆ ಕೂಡು, ಗಂಟೆ ಎರಡು ಸಲ ಬಾರಿಸುವವರೆಗೆ ಅಲುಗಾಡಬೇಡ, ಅವನು ಮೊದಲು ಹುಸಿಯಾಗಿ ಎದ್ದು ನಿಲ್ಲುತ್ತಾನೆ, ಆಗ ತೆಗೆಯಬೇಡ. ಪಾಠ ಒಪ್ಪಿಸಿದ ಹಾಗೆ, ಏರಿಳಿತವಿಲ್ಲದೆ ಹೇಳಿದಳು. ಗಗನಾ ಆ ಕಡೆ ಬರೆದುಕೊಳ್ಳುತ್ತಿರುವ ಪೆನ್ನಿನ ಸದ್ದು ಕೇಳಿಸಿತು.

"ಥ್ಯಾಂಕ್ಸ್ ಅವ್ವಾ. ಆಮ್ಯಾಲೆ ಮಾಡ್ತೀನಿ" ಎಂದು ಇಟ್ಟಳು. ಎರಡು ದಿನ ಮಾಡಲಿಲ್ಲ.

ಮೇ ತಿಂಗಳಲ್ಲಿ ಬ್ಯಾಂಕಿನ ಮ್ಯಾನೇಜರ್ ಕಾಮೇಶ್ವರ ಅವಳನ್ನು ಕರೆದು, ಗಾಜುವಾಕ ಶಾಖೆಯಲ್ಲಿ ಜಾಗ ಖಾಲಿಯಾಗಿದೆ, ನಿಮ್ಮ ಮನೆಗೆ ಹತ್ತಿರ, ಇವತ್ತೇ ಅರ್ಜಿ ಕೊಟ್ಟರೆ ಆಗಿಬಿಡುತ್ತದೆ ಎಂದರು. ಒಂದು ವರ್ಷದ ಹಿಂದೆ ಆಗಿದ್ದರೆ ಅವಳು ಅಲ್ಲೇ ನಿಂತು ಬರೆದುಕೊಡುತ್ತಿದ್ದಳು.

"ಈಗ ಬ್ಯಾಡ ಸರ್. ಇನ್ನೊಂದು ವರ್ಷ ಇಲ್ಲೇ ಇರ್ತೀನಿ."

ಕಾಮೇಶ್ವರ ಕನ್ನಡಿಗರೇ, ತುಮಕೂರು ಕಡೆಯವರು. ಕನ್ನಡಕ ತೆಗೆದು ಅವಳನ್ನೇ ನೋಡಿದರು. "ಯಾಕಮ್ಮಾ, ಮನೇಲೆಲ್ಲ ಚೆನ್ನಾಗಿದ್ದಾರೆ ತಾನೆ?"

"ಎಲ್ಲಾರೂ ಆರಾಮ ಇದ್ದಾರ ಸರ್," ಎಂದಳು ವಿಜಯಲಕ್ಷ್ಮೀ. ಹೊರಗೆ ಅವಳ ಮೇಜಿನ ಮುಂದೆ ಖಾತೆ ತೆರೆಯಲು ಬಂದ ಮುದುಕಿಯೊಬ್ಬಳು ಫೋಟೊಗಳನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಕಾಯುತ್ತಿದ್ದಳು. ವಿಜಯಲಕ್ಷ್ಮೀ ಹೋಗಿ ಅವಳಿಗೆ ಕುರ್ಚಿ ಎಳೆದುಕೊಟ್ಟಳು.