ಹೀರೋ ಪಕ್ಕದವನು ‘ಬೇಡ’ ಅಂದಾಗ

ಗೆಳೆಯರೇ, ಇವತ್ತು ಬೆಳಿಗ್ಗೆ ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ನಡೆದದ್ದು ಇದು. ನಮ್ಮೂರಿನ ನಾಗರಾಜ ಮಾವು ತುಂಬಿದ ಟ್ರ್ಯಾಕ್ಟರ್ ನಿಲ್ಲಿಸಿ, ನಿಧಿ ಹುಡುಕುವ ಸಾಹಸದ ಸಿನಿಮಾ ಸರಣಿಯ ಬಗ್ಗೆ ಮಾತು ತೆಗೆದ. ಎಲ್ಲ ಭಾಗಗಳನ್ನೂ ನೋಡಿದವನು.

“ಹೀರೋ ಪಕ್ಕದಲ್ಲಿರೋನು ಬರೀ ಬ್ಯಾಗ್ ಹೊತ್ಕೊಂಡು ತಲೆ ಆಡಿಸ್ತಾನೆ ಕಣೋ. ಮುಂದಿನ ಭಾಗದಲ್ಲಾದ್ರೂ ಒಂದ್ಸಲ ‘ಬೇಡ ಅಣ್ಣಾ’ ಅನ್ನಬೇಕು. ಆಗ್ಲೇ ಅವನಿಗೆ ಮರ್ಯಾದೆ.”

ಅವನ ಚಿಕ್ಕಪ್ಪನ ಮಗ ಮುನಿರಾಜು, ನಾಗರಾಜನ ಚೀಲ ಹಿಡಿದುಕೊಂಡು ತಲೆಯಾಡಿಸಿದ.

ಅಷ್ಟರಲ್ಲಿ ವ್ಯಾಪಾರಿ ಬಂದರು. ಇಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ, ಟವೆಲ್ ಕೆಳಗೆ ಬೆರಳು ಹಿಡಿದು ತಿಳಿಸುತ್ತಾರೆ. ಕೈ ಕೊಟ್ಟ ಇಬ್ಬರಿಗಷ್ಟೇ ಗೊತ್ತು. ನಾಗರಾಜನ ಇಡೀ ವರ್ಷದ ಫಸಲು ಆ ಟವೆಲ್ ಕೆಳಗಿತ್ತು. ಅವನು ಇನ್ನೇನು ಒಪ್ಪಬೇಕು, ಮುನಿರಾಜು “ಬೇಡ ಅಣ್ಣಾ” ಅಂದ.

ನಾಗರಾಜನ ಮುಖ ಬಿಳುಚಿತು. ವ್ಯಾಪಾರಿ ಮುನಿರಾಜುವನ್ನೇ ದಿಟ್ಟಿಸಿ ನೋಡಿದರು. ಟವೆಲ್ ಒಳಗೆ ಬೆರಳುಗಳು ಮತ್ತೆ ಅಲುಗಾಡಿದವು. ನಾಗರಾಜನ ಮುಖ ಅರಳಿತು, ವ್ಯಾಪಾರ ಮುಗಿಯಿತು.

ಟೀ ಕುಡಿಯುವಾಗ ನಾಗರಾಜ ಕೇಳಿದ: “ಏನ್ಲಾ, ಅವ್ರು ಮೊದ್ಲು ಕಮ್ಮಿ ಕೇಳಿದ್ದು ನಿಂಗೆ ಹೆಂಗೆ ಗೊತ್ತಾಯ್ತು?”

“ನಂಗೇನ್ ಗೊತ್ತಣ್ಣ. ಒಂದ್ಸಲ ಬೇಡ ಅನ್ನಬೇಕು ಅಂತ ನೀನೇ ಅಂದ್ಯಲ್ಲ.”

“ಸರಿ, ಒಂದು ಸಿನಿಮಾಕ್ಕೆ ಒಂದ್ಸಲ ಸಾಕು. ನಿಂದು ಆಯ್ತು. ಚೀಲ ಹಿಡಿ.”

“ಬೇಡ ಅಣ್ಣಾ.”

ಊರಿಗೆ ಬರುವಾಗ ಚೀಲ ನಾಗರಾಜನ ಹೆಗಲಲ್ಲೇ ಇತ್ತು. ಸಿನಿಮಾದವರು ಇವನ ಸಲಹೆ ಒಪ್ಪಿದರೆ, ಮುಂದಿನ ಭಾಗದಲ್ಲಿ ಹೀರೋ ತನ್ನ ಬ್ಯಾಗನ್ನು ತಾನೇ ಹೊರಬೇಕಾದೀತು.